ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದವರು

2021ರ ಕೊನೆಯಲ್ಲಿ ಹೆಚ್ಚುಕಡಿಮೆ ಒಂದೇ ಮಾತು ಹೊತ್ತುಕೊಂಡು ಮೂವರು ಆಪ್ತಸಲಹೆಗಾಗಿ ನನ್ನ ಹತ್ತಿರ ಬಂದಿದ್ದರು. "ಮನೆಯಲ್ಲಿ ಸಾವಾಗಿತ್ತು. ಆದರೂ ನಾನು ಒಲಿಂಪಿಕ್ಸ್ ನೋಡಿದೆ, ಖುಷಿಪಟ್ಟೆ. ಅದು ಚುಚ್ಚುತ್ತಿದೆ." ಅದೊಂದು ವರ್ಷದ ಕತೆ, ಮುಗಿಯಿತು ಅಂದುಕೊಂಡಿದ್ದೆ. 2024ರಲ್ಲಿ ಪ್ಯಾರಿಸ್ ಕ್ರೀಡಾಕೂಟ ಶುರುವಾದಾಗ ಮತ್ತೊಬ್ಬರು ಅದೇ ಮಾತು ತಂದರು. ಹಾಗಾಗಿ ಆ ಮೂವರಲ್ಲಿ ಒಬ್ಬರ ವಿಷಯ ಬರೆಯುತ್ತಿದ್ದೇನೆ. ಹೆಸರು, ಕೆಲಸ, ಬಡಾವಣೆ ಬದಲಿಸಿದ್ದೇನೆ. ಅವರ ಮತ್ತು ಅವರ ಅತ್ತಿಗೆಯ ಒಪ್ಪಿಗೆ ಪಡೆದಿದ್ದೇನೆ.

ರಮೇಶ್ ಅನ್ನೋಣ. ವಯಸ್ಸು ನಲವತ್ತನಾಲ್ಕು. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಅಪ್ಪ ಕಟ್ಟಿಸಿದ ಮನೆ. ಕೆಳಗೆ ಅಣ್ಣನ ಸಂಸಾರ, ಮೇಲೆ ಇವರದು. ಅಣ್ಣನಿಗೆ ಹಾಕಿ ಅಂದರೆ ಪ್ರಾಣ. 1980ರಲ್ಲಿ ಮಾಸ್ಕೋದಲ್ಲಿ ಭಾರತ ಚಿನ್ನ ಗೆದ್ದಾಗ ಅವರಿಗೆ ಹತ್ತು ವರ್ಷ. ತಮ್ಮನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಶಾಂತಿನಗರದ ಹಾಕಿ ಸ್ಟೇಡಿಯಂಗೆ ಕರೆದುಕೊಂಡು ಹೋಗುತ್ತಿದ್ದರಂತೆ. "ಸಾಯೋದರೊಳಗೆ ಇನ್ನೊಂದು ಮೆಡಲ್ ನೋಡಬೇಕು ಕಣೋ" ಅನ್ನುವುದು ಅವರ ಮಾಮೂಲಿ ಮಾತು.

2021ರ ಮೇ ತಿಂಗಳಲ್ಲಿ ಅವರು ಕೋವಿಡ್‌ನಿಂದ ಹೋದರು. ಆ ದಿನಗಳು ಬೆಂಗಳೂರಿನವರಿಗೆ ನೆನಪಿರುತ್ತದೆ. ದಿನಕ್ಕೆ ಇಪ್ಪತ್ತು ಸಾವಿರಕ್ಕಿಂತ ಜಾಸ್ತಿ ಕೇಸು, ಚಿತಾಗಾರಗಳ ಮುಂದೆ ಆಂಬುಲೆನ್ಸ್ ಸಾಲು. ಮೇ 10ರಿಂದ ಲಾಕ್‌ಡೌನ್. ಅಂತ್ಯಸಂಸ್ಕಾರಕ್ಕೆ ಐದು ಜನಕ್ಕಿಂತ ಹೆಚ್ಚು ಸೇರುವಂತಿರಲಿಲ್ಲ.

ಜೂನ್‌ನಲ್ಲಿ ರಮೇಶ್ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಉದ್ದಕ್ಕೆ ಬರೆದಿದ್ದರು. ಈ ಒಲಿಂಪಿಕ್ಸ್ ನಡೆಯಲೇಬಾರದು, ಜಪಾನಿನ ಜನಕ್ಕೇ ಬೇಡವಾಗಿದೆ, ಹೆಣಗಳ ನಡುವೆ ಎಂಥ ಆಟ ಅಂತ. ಅದು ಸಿಟ್ಟಿನಲ್ಲಿ ಬಂದ ಮಾತಾದರೂ ಸುಳ್ಳಲ್ಲ. ಒಂದು ವರ್ಷ ಮುಂದಕ್ಕೆ ಹಾಕಿದ್ದ ಕೂಟ ಅದು. ಟೋಕಿಯೊದಲ್ಲಿ ತುರ್ತುಸ್ಥಿತಿ ಇತ್ತು, ಕ್ರೀಡಾಂಗಣಗಳಲ್ಲಿ ಪ್ರೇಕ್ಷಕರಿರಲಿಲ್ಲ. ಪದಕಗಳನ್ನು ತಟ್ಟೆಯಲ್ಲಿ ತಂದು ಮುಂದೆ ಹಿಡಿಯುತ್ತಿದ್ದರು, ಗೆದ್ದವರು ತಾವೇ ಎತ್ತಿಕೊಂಡು ಕೊರಳಿಗೆ ಹಾಕಿಕೊಳ್ಳಬೇಕಿತ್ತು.

ಆಗಸ್ಟ್ 5, ಗುರುವಾರ ಬೆಳಗ್ಗೆ ಕಂಚಿನ ಪದಕಕ್ಕೆ ಜರ್ಮನಿ ಜೊತೆ ಪಂದ್ಯ. ನೋಡಬಾರದು ಅಂದುಕೊಂಡೇ ರಮೇಶ್ ಟಿವಿ ಹಾಕಿದರು. ಮೊದಲು ಸೌಂಡ್ ಇಟ್ಟಿರಲಿಲ್ಲ. 1–3ರ ಹಿನ್ನಡೆ. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ನಮ್ಮವರು 5–3 ಮಾಡಿದರು. ಜರ್ಮನಿ ಇನ್ನೊಂದು ಗೋಲು ಹೊಡೆಯಿತು. ಕೊನೆಯ ಕೆಲವೇ ಸೆಕೆಂಡು ಇರುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್. ನಮ್ಮ ಗೋಲ್‌ಕೀಪರ್ ಶ್ರೀಜೇಶ್ ಅದನ್ನು ತಡೆದರು. ರಮೇಶ್ ಎದ್ದು ನಿಂತು ಗಂಟಲು ಹರಿಯುವ ಹಾಗೆ ಕೂಗಿದರು. ಕೂಗಿದ್ದು "ಅಣ್ಣಾ" ಅಂತ.

ಕೆಳಗಿನ ಮನೆಯಲ್ಲಿ ಅತ್ತಿಗೆ ಇದ್ದರು. ಅಣ್ಣ ಹೋಗಿ ಮೂರು ತಿಂಗಳೂ ತುಂಬಿರಲಿಲ್ಲ.

ನವೆಂಬರ್‌ನಲ್ಲಿ ರಮೇಶ್ ಅವರನ್ನು ನನ್ನ ಹತ್ತಿರ ಕಳಿಸಿದ್ದು ಅವರ ಹೆಂಡತಿ. ಮಾತು ಕಡಿಮೆಯಾಗಿದೆ, ಟಿವಿಯನ್ನೇ ಹಾಕುವುದಿಲ್ಲ, ರಾತ್ರಿ ಎರಡಕ್ಕೆ ಎದ್ದು ಕೂತಿರುತ್ತಾರೆ ಅಂತ. ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಅವರು ಆ ಕೂಗಿನ ವಿಷಯ ಹೇಳಿ ಮುಗಿಸುವ ಮೊದಲೇ "ಅದರಲ್ಲಿ ನಿಮ್ಮದೇನೂ ತಪ್ಪಿಲ್ಲ" ಅಂದುಬಿಟ್ಟೆ. ಅವರು ತಲೆಯಾಡಿಸಿದರು. ಆಮೇಲೆ ಉಳಿದ ಅರ್ಧ ಗಂಟೆ ಹೂಂ, ಹೌದು ಬಿಟ್ಟರೆ ಬೇರೆ ಮಾತು ಬರಲಿಲ್ಲ. ಅದೇ ಮಾತನ್ನು ಹೆಂಡತಿ ಹೇಳಿದ್ದರು, ಗೆಳೆಯರು ಹೇಳಿದ್ದರು. ಸಮಾಧಾನ ಮಾಡಲು ಆತುರಪಟ್ಟರೆ ಎದುರಿಗಿದ್ದವರು ಬಾಗಿಲು ಹಾಕಿಕೊಳ್ಳುತ್ತಾರೆ. ಇದು ಗೊತ್ತಿದ್ದೂ ಎಡವಿದೆ.

ಎರಡನೇ ಸಲ ಬಂದಾಗ ಸಮಾಧಾನದ ಮಾತು ಬಿಟ್ಟೆ. ಅಣ್ಣನ ಹದಿಮೂರನೇ ದಿನ ಹೇಗೆ ಮಾಡಿದಿರಿ ಅಂತ ಕೇಳಿದೆ. ಅವರು ನನ್ನ ಮುಖ ನೋಡಿದರು.

"ಮಾಡಲಿಲ್ಲ ಮೇಡಂ. ಪುರೋಹಿತರು ಬರೋಕೆ ಒಪ್ಪಲಿಲ್ಲ. ಅತ್ತಿಗೆಗೂ ಪಾಸಿಟಿವ್. ಫೋನಲ್ಲೇ ಏನೋ ಮಂತ್ರ ಹೇಳಿಸಿದರು. ಶುಭಸ್ವೀಕಾರ ಆಗಲೇ ಇಲ್ಲ."

ಅವರ ಮನೆತನದಲ್ಲಿ ಹದಿಮೂರು ದಿನ ಕಳೆದ ಮೇಲೆ ಶುಭಸ್ವೀಕಾರ ಮಾಡುತ್ತಾರೆ. ನೆಂಟರಿಷ್ಟರು ಬರುತ್ತಾರೆ, ಸಿಹಿ ಊಟ ಇರುತ್ತದೆ. ಅವತ್ತು ಸಿಹಿ ತಿನ್ನಲು ಮನೆಯವರಿಗೆ ಕಷ್ಟವೇ. ಆದರೂ ಹಿರಿಯರು ಎಲೆಗೆ ಬಡಿಸುತ್ತಾರೆ, ತಿನ್ನು ಅನ್ನುತ್ತಾರೆ. ದುಃಖ ಮುಗಿಯಿತು ಅಂತಲ್ಲ, ಇನ್ನು ಮೇಲೆ ನೀನು ಬದುಕಬಹುದು ಅಂತ ನಾಲ್ಕು ಜನರ ಮುಂದೆ ಹೇಳುವ ಕ್ರಮ ಅದು. ಕೋವಿಡ್‌ನಲ್ಲಿ ಎಷ್ಟೋ ಮನೆಗಳಿಗೆ ಅದು ಸಿಗಲೇ ಇಲ್ಲ. ಯಾರೂ ಬಂದು ತಿನ್ನು ಅನ್ನಲಿಲ್ಲ. ರಮೇಶ್ ಅವರ ಮಟ್ಟಿಗೆ ಸೂತಕ ಕಳೆದೇ ಇರಲಿಲ್ಲ. ಆ ಸೂತಕದ ನಡುವೆಯೇ ಅವರು ಕೂಗಿಬಿಟ್ಟಿದ್ದರು.

"ಕೂಗಿದ ಮೇಲೆ ಏನು ಮಾಡಿದಿರಿ?" ಅಂದೆ.

"ಟಿವಿ ಆಫ್ ಮಾಡಿದೆ. ಕೆಳಗೆ ಏನಾದರೂ ಸದ್ದು ಬರುತ್ತಾ ಅಂತ ಕಿವಿಗೊಟ್ಟು ಕೂತೆ. ಏನೂ ಬರಲಿಲ್ಲ. ಕುಕ್ಕರ್ ಸೀಟಿ ಕೂಡ ಬರಲಿಲ್ಲ."

ಅವತ್ತಿನಿಂದ ಅವರು ಕೆಳಗಿನ ಮನೆಗೆ ಕಾಲಿಟ್ಟಿರಲಿಲ್ಲ. ಮೊದಲಾದರೆ ದಿನಾ ಬೆಳಗ್ಗೆ ಕಾಫಿ ಕೆಳಗೇ. ಈಗ ಆಫೀಸಿಗೆ ಹೊರಡುವಾಗ ಅತ್ತಿಗೆಗೆ ಹೆಜ್ಜೆ ಸದ್ದು ಕೇಳಬಾರದು ಅಂತ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದರು. ಗೇಟಿನ ಹೊರಗೆ ಹೋದ ಮೇಲೆ ಮೆಟ್ಟಿಕೊಳ್ಳುತ್ತಿದ್ದರು. ಇದನ್ನು ಅವರು ಯಾವ ವಿಶೇಷವೂ ಇಲ್ಲದ ಹಾಗೆ ಹೇಳಿದರು. ನಾನು ಪೆನ್ನು ಕೆಳಗಿಟ್ಟೆ.

ನಾನು ಕೊಟ್ಟ ಸಲಹೆ ಇಷ್ಟೇ. ಕೆಳಗೆ ಹೋಗಿ ಅತ್ತಿಗೆಯನ್ನೇ ಕೇಳಿ. ಕ್ಷಮಿಸಿ ಅಂತ ಶುರುಮಾಡಬೇಡಿ. ಹಾಗೆ ಶುರುಮಾಡಿದರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. "ಅವತ್ತು ನಾನು ಕೂಗಿದ್ದು ನಿಮಗೆ ಹೇಗಾಯಿತು?" ಅಂತ ಕೇಳಿ. ಅವರು ಏನೇ ಹೇಳಲಿ, ಬೈದರೂ ಸರಿ, ಎದ್ದು ಬರಬೇಡಿ.

ಈ ಸಲಹೆಯನ್ನು ನನ್ನ ಜೊತೆ ಕೆಲಸ ಮಾಡುವವರೊಬ್ಬರು ಒಪ್ಪಲಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸಿನ ಮೇಲೆ ಮೈದುನನ ಭಾರವನ್ನೂ ಹೊರಿಸಿದ ಹಾಗಲ್ವಾ ಅಂದರು. ನಾನು ತುಂಬ ಯೋಚಿಸಿದೆ. ಈಗಲೂ ಅದೇ ಸಲಹೆ ಕೊಡುತ್ತೇನೆ. ಇಂಥ ಅಪರಾಧಿ ಭಾವ ನೋಡಲು ಪ್ರೀತಿಯ ಹಾಗೇ ಇರುತ್ತದೆ. ಆದರೆ ಅದು ಮಾಡುವ ಕೆಲಸ ಒಂದೇ, ಇರುವವರಿಂದ ನಮ್ಮನ್ನು ದೂರ ಮಾಡುವುದು. ಸತ್ತವರಿಗೆ ದ್ರೋಹವಾಯಿತೋ ಇಲ್ಲವೋ ಅಂತ ರಾತ್ರಿಯೆಲ್ಲ ಕೂತು ವಿಚಾರಣೆ ಮಾಡುತ್ತೇವೆ. ಬದುಕಿರುವವರು ಕೆಳಗಿನ ಮನೆಯಲ್ಲಿ ಒಬ್ಬರೇ ಕಾಫಿ ಕುಡಿಯುತ್ತಿರುತ್ತಾರೆ.

ಮೂರನೇ ಸಲ ಬಂದಾಗ ರಮೇಶ್ ಕೂತ ಕೂಡಲೇ ಹೇಳಿದರು. "ಕೇಳಿದೆ ಮೇಡಂ."

ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ. ಆಮೇಲೆ, "ನೀನು ಕೂಗಿದ್ದು ಕೇಳಿ ಮೊದಲು ಹೆದರಿದೆ. ಆಮೇಲೆ ಮ್ಯಾಚ್ ಅಂತ ಗೊತ್ತಾಯಿತು. ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ. ಅವರಿಗೆ ನೋಡೋಕೆ ಸಿಗಲಿಲ್ಲವಲ್ಲ ಅಂತ. ನೀನು ಕೆಳಗೆ ಬರ್ತೀಯ ಅಂದುಕೊಂಡು ಎರಡು ಲೋಟ ಕಾಫಿ ಬೆರೆಸಿಟ್ಟೆ. ನೀನು ಬರಲಿಲ್ಲ. ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ದಿನಾ ಚಪ್ಪಲಿ ಕೈಲಿ ಹಿಡ್ಕೊಂಡು ಇಳಿಯೋದು ಅಡುಗೆಮನೆ ಕಿಟಕಿಯಿಂದ ಕಾಣುತ್ತೆ ರಮೇಶ. ನನ್ನ ಮುಖ ನೋಡೋಕೂ ಅಷ್ಟು ಬೇಜಾರಾ ಅಂದುಕೊಂಡೆ."

ಇದನ್ನು ಹೇಳುವಾಗ ರಮೇಶ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು. ಅವತ್ತು ನಾನು ಜಾಸ್ತಿ ಮಾತಾಡಲಿಲ್ಲ.

ನನ್ನನ್ನು ಜನ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಒಲಿಂಪಿಕ್ಸ್ ಬೇಡ ಅಂದವರು ಅದನ್ನೇ ನೋಡಿ ಕುಣಿದರೆ ಅದು ಎರಡು ನಾಲಿಗೆ ಅಲ್ವಾ? ಅಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಕೂಟ ನಡೆಸುವ ತೀರ್ಮಾನ ಆಟಗಾರರದ್ದಾಗಿರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಹಾಕಿ ಹುಡುಗರೂ ಹುಡುಗಿಯರೂ ಊರಿಗೆ ಹೋಗಲಾಗದೆ ಇಲ್ಲೇ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕ್ಯಾಂಪಸ್‌ನಲ್ಲಿ ಉಳಿದಿದ್ದರು. ಮುಂದೆ ಅವರಲ್ಲೂ ಹಲವರಿಗೆ ಸೋಂಕು ತಗುಲಿತು. ಟೋಕಿಯೊದ ಉದ್ಘಾಟನೆಯಲ್ಲಿ ಸತ್ತವರಿಗಾಗಿ ಎಲ್ಲರೂ ಮೌನವಾಗಿ ನಿಂತರು. ಹೊರಗೆ ರಸ್ತೆಯಲ್ಲಿ ಕೂಟ ನಿಲ್ಲಿಸಿ ಅಂತ ಘೋಷಣೆ ಕೂಗುತ್ತಿದ್ದವರೂ ಇದ್ದರು, ಪಟಾಕಿ ನೋಡಲು ಬಂದವರೂ ಇದ್ದರು. ಒಂದೇ ರಸ್ತೆಯಲ್ಲಿ ಇದೆಲ್ಲ ಇರಬಹುದಾದರೆ ಒಬ್ಬರ ಎದೆಯಲ್ಲಿ ಯಾಕಿರಬಾರದು? ಸಿಟ್ಟನ್ನೂ ಖುಷಿಯನ್ನೂ ತಕ್ಕಡಿಗೆ ಹಾಕಿ ಯಾವುದು ಸರಿ ಅಂತ ನೋಡುವುದಕ್ಕೆ ನಾನು ಯಾರಿಗೂ ಹೇಳುವುದಿಲ್ಲ. ಆ ಗೊಂದಲ ಕಾಯಿಲೆಯಲ್ಲ. ಆದರೆ ನಿದ್ದೆ, ಊಟ ವಾರಗಟ್ಟಲೆ ತಪ್ಪಿದರೆ, ಬದುಕೇ ಬೇಡ ಅನಿಸಿದರೆ ತಡ ಮಾಡಬಾರದು. ಈಗ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ರಮೇಶ್ ಇನ್ನೂ ನಾಲ್ಕು ಸಲ ಬಂದರು. 2022ರ ಮೇನಲ್ಲಿ ವರ್ಷಾಬ್ದಿಕ ಮಾಡಿದರು. ಈ ಸಲ ನೆಂಟರೆಲ್ಲ ಬಂದಿದ್ದರು. ಅತ್ತಿಗೆಯೇ ಮುಂದೆ ನಿಂತು ಅವರ ಎಲೆಗೆ ಪಾಯಸ ಬಡಿಸಿದರಂತೆ.

2024ರ ಆಗಸ್ಟ್ 8ರಂದು ಪ್ಯಾರಿಸ್‌ನಲ್ಲಿ ಸ್ಪೇನ್ ವಿರುದ್ಧ 2–1ರಿಂದ ಗೆದ್ದು ಭಾರತ ಮತ್ತೆ ಕಂಚು ತಂದಿತು. ಶ್ರೀಜೇಶ್ ಅವರ ಕೊನೆಯ ಪಂದ್ಯ ಅದು. ಅವತ್ತು ರಾತ್ರಿ ರಮೇಶ್ ಅವರಿಂದ ಮೆಸೇಜ್ ಬಂತು. "ಕೆಳಗೆ ಅತ್ತಿಗೆ ಮನೆಯಲ್ಲೇ ನೋಡಿದೆ ಮೇಡಂ. ಅವರು ಪೂರ್ತಿ ನೋಡಲಿಲ್ಲ, ಅರ್ಧಕ್ಕೆ ಎದ್ದು ಒಳಗೆ ಹೋದರು. ನಾನು ಟಿವಿ ಆಫ್ ಮಾಡಲಿಲ್ಲ. ಅಲ್ಲೇ ಕೂತಿದ್ದೆ."