ರೊಟ್ಟಿ ಬಡಿಯುತ್ತಲೇ ಪಾಠ ಕೇಳಿ

ಪತ್ರ: ಮಗ ಆರನೇ ತರಗತಿ. ರಾತ್ರಿ ಉಂಡ ಮೇಲೆ ಹತ್ತೂವರೆವರೆಗೂ ಓದುತ್ತಾನೆ. ಬೆಳಿಗ್ಗೆ ಕೇಳಿದರೆ ಒಂದೂ ನೆನಪಿರುವುದಿಲ್ಲ. ನಾನು ಓದಿದ್ದು ಏಳನೇ ತರಗತಿ, ಹೇಳಿಕೊಡಲು ಬರುವುದಿಲ್ಲ. ಟ್ಯೂಷನ್‌ಗೆ ಹಾಕಲೇ?
– ಒಬ್ಬ ತಾಯಿ, ಸಿಂಧನೂರು

ಸಂಪಾದಕರ ಉತ್ತರ:

ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ಹೇಳಿಕೊಡಲು ಬರುವುದಿಲ್ಲ’ ಅಂತ ಬರೆದಿದ್ದೀರಲ್ಲ, ಅದಕ್ಕೆ ಸಂಕಟಪಡಬೇಡಿ. ನೀವು ಹೇಳಿಕೊಡುವುದೇ ಬೇಡ. ಕೇಳಿಸಿಕೊಳ್ಳಿ, ಸಾಕು.

ಸಂಜೆ ರೊಟ್ಟಿ ಬಡಿಯುವಾಗ ಮಗನನ್ನು ಹತ್ತಿರ ಕೂರಿಸಿಕೊಳ್ಳಿ. ಪುಸ್ತಕ ಮುಚ್ಚಿಸಿ. ‘ಇವತ್ತು ಸಾಲಿಯೊಳಗ ಏನು ಹೇಳಿದ್ರಪ್ಪ, ನನಗೂ ಹೇಳು’ ಅನ್ನಿ. ನೀರು ಆವಿಯಾಗಿ ಮೋಡವಾಗುವ ಪಾಠ ಇತ್ತು ಅನ್ನಿ, ಅದನ್ನು ಅವನು ತನ್ನ ಮಾತಿನಲ್ಲೇ ಹೇಳಲಿ. ತಡವರಿಸುತ್ತಾನೆ, ಬಿಡಿ, ಬೈಯಬೇಡಿ. ಎಲ್ಲಿ ನಿಂತನೋ ಅಷ್ಟನ್ನೇ ಪುಸ್ತಕ ತೆಗೆದು ನೋಡಿ, ಮತ್ತೆ ಮುಚ್ಚಿ ಹೇಳಲಿ.

ಓದಿದ್ದನ್ನೇ ನಾಲ್ಕು ಸಲ ಓದಿದರೆ ಎಲ್ಲಾ ಬಂತು ಅನ್ನಿಸುತ್ತದೆ. ಅದು ಬರೀ ಕಣ್ಣಿನ ಪರಿಚಯ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ಕಾಲೇಜು ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದ್ದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ನೋಡದೆ ನೆನಪಿಸಿಕೊಂಡು ಬರೆದವರು ಜಾಸ್ತಿ ಉಳಿಸಿಕೊಂಡಿದ್ದರು.

ಇನ್ನೊಂದು. ತುಂಗಭದ್ರಾ ಎಡದಂಡೆ ಕಾಲುವೆಯ ಊರಿನವರು ನೀವು. ಒಂದೇ ದಿನ ನೀರು ಬಿಟ್ಟು ಬೆಳೆ ತೆಗೆಯಲು ಆಗುತ್ತದೆಯೇ? ಪಾಠಕ್ಕೂ ಪಾಳಿ ಬೇಕು. ಇವತ್ತು ಹೇಳಿದ್ದನ್ನು ನಾಳೆ ಕೇಳಿ, ಆಮೇಲೆ ನಾಲ್ಕು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು. ನೆನಪಿಗೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಪಾಠದ ಹೆಸರು ಬರೆದಿಡಿ.

ಹತ್ತೂವರೆವರೆಗೆ ಕೂರಿಸುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಓದಿದ್ದು ಗಟ್ಟಿಯಾಗುವುದೂ ನಿದ್ದೆಯಲ್ಲೇ. ಒಂಬತ್ತಕ್ಕೆ ಮಲಗಲಿ, ಆರಕ್ಕೆ ಏಳಲಿ. ರಾಯಚೂರು ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ರಾತ್ರಿಯೂ ಗೋಡೆ ಕಾದಿರುತ್ತದೆ, ಬೆಳಗಿನ ತಂಪಿನಲ್ಲಿ ಅರ್ಧ ಗಂಟೆ ಲೆಕ್ಕ ಮಾಡಿದರೂ ತಲೆಗೆ ಹತ್ತುತ್ತದೆ. ಆ ಹೊತ್ತಿನಲ್ಲಿ ಅವರಪ್ಪನೂ ಮೊಬೈಲ್ ಪಕ್ಕಕ್ಕಿಡಲಿ.

ಟ್ಯೂಷನ್ ಸದ್ಯಕ್ಕೆ ಬೇಡ. ಅವನಿಗೆ ಸಂಜೆಯ ಆಟ ಬೇಕು. ಭಿನ್ನರಾಶಿಯಂಥ ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದರೆ ಮೊದಲು ಅವನ ಮೇಷ್ಟ್ರನ್ನೇ ಕೇಳಿ ನೋಡಿ.

ಎರಡು ತಿಂಗಳು ಬಿಟ್ಟು ಮತ್ತೆ ಬರೆಯಿರಿ. ಮಗ ನಿಮಗೆ ಹೇಳಿದ ಒಂದು ಪಾಠವನ್ನು ಆ ಪತ್ರದಲ್ಲಿ ನೀವೇ ನಮಗೆ ಹೇಳಬೇಕು.