ವಾರಗಿತ್ತಿಗಿಲ್ಲದ ಸಕ್ಕರೆ ನನಗ್ಯಾಕೆ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮಂಡ್ಯ ಕಡೆಯ ಹಳ್ಳಿಯವರು, ವಯಸ್ಸು 46. ಮೈಸೂರಿನಲ್ಲಿ ಓದುವ ಮಗಳು ಊಟದ ಸಲಹೆಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದಿದ್ದಳು. ಕೂತ ತಕ್ಷಣ ಶುರು ಮಾಡಿದರು: “ನನ್ ವಾರಗಿತ್ತಿ ನನ್ಗಿಂತ ಎರಡ್ರಷ್ಟು ದಪ್ಪ ಅವ್ಳೆ ಮೇಡಂ. ಅವ್ಳಿಗಿಲ್ಲದ ಸಕ್ಕರೆ ಕಾಯಿಲೆ ನನಗ್ಯಾಕೆ?”

ಅದು ಇನ್ನೂ ಕಾಯಿಲೆ ಅಲ್ಲ, ಕಾಯಿಲೆಯ ಹೊಸ್ತಿಲು. ಖಾಲಿ ಹೊಟ್ಟೆಯ ಸಕ್ಕರೆ 118, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಟೆಸ್ಟ್) 6.2. ತೂಕ 55 ಕೆಜಿ, ಕೈಕಾಲು ಸಣ್ಣ. ಆದರೆ ಟೇಪ್ ಹಿಡಿದರೆ ಹೊಟ್ಟೆಯ ಸುತ್ತಳತೆ 88 ಸೆಂ.ಮೀ. ನಮ್ಮ ಹೆಂಗಸರಿಗೆ 80 ದಾಟಬಾರದು.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಓಟ್ಸ್ ಇದ್ದ ರೆಡಿಮೇಡ್ ಡಯಟ್ ಚಾರ್ಟ್ ಕೊಟ್ಟು ಕಳಿಸಿದೆ. ಅವರು ಅದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡ ರೀತಿಯಲ್ಲೇ ಗೊತ್ತಾಯಿತು, ಅದು ಮತ್ತೆ ಹೊರಗೆ ಬರಲ್ಲ ಅಂತ.

ಎರಡನೇ ಸಲ ಬಂದಾಗ ಹಗೇವಿನ ಮಾತು ತೆಗೆದೆ. ಅವರ ತಾತನ ಮನೆಯಲ್ಲಿ ರಾಗಿ ತುಂಬುವ ಹಗೇವು, ಅಂದರೆ ನೆಲದೊಳಗಿನ ಕಣಜ, ಇತ್ತಂತೆ. ಚರ್ಮದ ಕೆಳಗಿನ ಕೊಬ್ಬಿನ ಕೋಶಗಳೂ ಹಾಗೇ. ಉಂಡು ಮಿಕ್ಕಿದ್ದನ್ನು ಒಳಗೆ ಹಾಕಿ ಮುಚ್ಚಿಡುವುದು ಇನ್ಸುಲಿನ್ ಕೆಲಸ. ಕೆಲವರ ಹಗೇವು ದೊಡ್ಡದು. ತೊಡೆ, ಸೊಂಟದಲ್ಲಿ ಎಷ್ಟು ತುಂಬಿದರೂ ಹಿಡಿಸುತ್ತದೆ. ಕೆಲವರದು ಬೇಗ ತುಂಬುತ್ತದೆ. ಆಮೇಲೆ ಮೂಟೆಗಳು ಪಡಸಾಲೆಗೆ ಬರುತ್ತವೆ, ಅಂದರೆ ಹೊಟ್ಟೆಯೊಳಗೆ, ಲಿವರ್‌ಗೆ, ಸ್ನಾಯುಗಳಿಗೆ. ಉಬ್ಬಿದ ಕೋಶಗಳು ಇನ್ಸುಲಿನ್ ಮಾತು ಸರಿಯಾಗಿ ಕೇಳಲ್ಲ. ಮುಚ್ಚಿಡಬೇಕಾದ ಕೊಬ್ಬನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತವೆ. ಕೊಬ್ಬು ತುಂಬಿದ ಲಿವರ್ ರಾತ್ರಿಯೆಲ್ಲ ಸಕ್ಕರೆ ಹೊರಗೆ ಹಾಕುತ್ತದೆ. ಏನೂ ತಿನ್ನದೆ ಬೆಳಗ್ಗೆ ಟೆಸ್ಟ್ ಮಾಡಿಸಿದರೂ 118 ಬರುವುದು ಹೀಗೆ.

“ತೂಕ ಇಳಿದರೆ ಈ ಕೋಶಗಳು ಹೋಗ್ತಾವಾ?” ಅಂದಳು ಮಗಳು. ಹೋಗಲ್ಲ, ಸಣ್ಣಗಾಗುತ್ತವೆ. ದೊಡ್ಡವರಲ್ಲಿ ಅವುಗಳ ಎಣಿಕೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ವರ್ಷಕ್ಕೆ ನೂರಕ್ಕೆ ಸುಮಾರು ಹತ್ತು ಸತ್ತು, ಅಷ್ಟೇ ಹೊಸದು ಹುಟ್ಟುತ್ತವೆ ಅಂತ 2008ರಲ್ಲಿ ವಿಜ್ಞಾನಿಗಳು ಕಂಡುಕೊಂಡರು.

ಊಟದ ಲೆಕ್ಕ ಕೇಳಿದಾಗ ವಿಷಯ ಹೊರಬಿತ್ತು. ಸಕ್ಕರೆ ಬಿಟ್ಟಿದ್ದರು, ನಿಜ. ಬದಲಿಗೆ ದಿನಕ್ಕೆ ಐದು ಲೋಟ ಬೆಲ್ಲದ ಟೀ! ಆಲೆಮನೆ ಊರಿನವರಿಗೆ ಬೆಲ್ಲ ಬೇಡ ಅನ್ನುವುದು ಸುಲಭವಾ? ಆದರೂ ಹೇಳಿದೆ. ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ.

ಟೀ ಎರಡೇ ಲೋಟ, ಬೆಲ್ಲ ಇಲ್ಲದೆ. ಮುದ್ದೆ ಇರಲಿ, ಆದರೆ ಸಣ್ಣದು. ಅದರ ಮೇಲೆ ಅನ್ನ ಬೇಡ. ಸೊಪ್ಪು, ಹುರುಳಿ, ಅವರೆ ಜಾಸ್ತಿ. ಉಂಡ ಮೇಲೆ ಹದಿನೈದು ನಿಮಿಷ ನಡಿಗೆ. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ. ಗುರಿ ನಾಲ್ಕು ಕೆಜಿ, ಅಷ್ಟೇ. ಅಮೆರಿಕದಲ್ಲಿ 2002ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಇಂಥ ಹೊಸ್ತಿಲಲ್ಲಿದ್ದವರಿಗೆ ಇಟ್ಟ ಗುರಿ ತೂಕದ ಶೇ. 7 ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ. ಹಾಗೆ ಮಾಡದವರಿಗೆ ಹೋಲಿಸಿದರೆ ಅವರಲ್ಲಿ ಡಯಾಬಿಟಿಸ್ ಬರುವುದು ಶೇ. 58ರಷ್ಟು ಕಡಿಮೆಯಾಯಿತು. ಮಾತ್ರೆ ಬೇಕಾ ಅನ್ನುವುದನ್ನು ಡಾಕ್ಟರೇ ಹೇಳಬೇಕು, ಅವರನ್ನು ಕಾಣಿ ಅಂದೆ.

ಮೂರು ತಿಂಗಳ ನಂತರ ತೂಕ ಇಳಿದದ್ದು ಬರೀ ಎರಡು ಕೆಜಿ. ಅವರ ಮುಖ ಸಪ್ಪೆ. ಟೇಪ್ ಹಿಡಿದೆ: 84. ಎಚ್‌ಬಿಎ1ಸಿ 5.9.

ಆಗ ಕೇಳಿದೆ, “ನಿಮ್ಮ ವಾರಗಿತ್ತಿ ಟೆಸ್ಟ್ ಮಾಡಿಸಿದ್ದಾರಾ?”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಇಲ್ಲ ಮೇಡಂ. ಅವ್ಳು ಯಾವತ್ತೂ ಮಾಡಿಸೇ ಇಲ್ಲ.”

ಮುಂದಿನ ವಾರ ಇಬ್ಬರೂ ಒಟ್ಟಿಗೆ ಬರುತ್ತಾರಂತೆ.