ಕಾಗೆ ಕಂಡ್ರೂ ಬರೀಬೇಕಾ?

ಪ್ರಶ್ನೆ: ರಿಟೈರ್ ಆದ ಮೇಲೆ ಮಣ್ಣಪಳ್ಳ ಕೆರೆಯ ಸುತ್ತ ದಿನಾ ವಾಕಿಂಗ್ ಹೋಗ್ತೇನೆ. ಮಗಳು ಫೋನಿಗೆ ಇ-ಬರ್ಡ್ ಅಂತ, ಕಂಡ ಹಕ್ಕಿ ಬರೆದಿಡುವ ಆ್ಯಪ್ ಹಾಕಿ ಕೊಟ್ಟಿದ್ದಾಳೆ. ನನಗೆ ಕಾಣೋದು ಕಾಗೆ, ಮೈನಾ, ಹದ್ದು, ಬೆಳ್ಳಕ್ಕಿ ಇಷ್ಟೇ. ಇದನ್ನ ದಿನಾ ಬರೆದು ಯಾರಿಗೆ ಎಂತ ಉಪಯೋಗ?
— ನಿವೃತ್ತ ಬ್ಯಾಂಕ್ ನೌಕರರು, ಮಣಿಪಾಲ

ಉತ್ತರ: ಉಪಯೋಗ ಇರೋದೇ ಅದರಲ್ಲಿ ಸರ್. ಅಪರೂಪದ ಹಕ್ಕಿ ಒಂದು ಬಂದ್ರೆ ಉದ್ದ ಲೆನ್ಸ್ ಹಿಡ್ಕೊಂಡು ಓಡ್ಲಿಕ್ಕೆ ಬೇಕಾದಷ್ಟು ಜನ ಉಂಟು, ಕಾಗೆ ಎಣಿಸ್ಲಿಕ್ಕೆ ಯಾರೂ ಇಲ್ಲ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬಂತಲ್ಲ, ಅದಕ್ಕೆ ಇ-ಬರ್ಡ್ ಮೂಲಕ ಮಾಹಿತಿ ಕೊಟ್ಟದ್ದು 30 ಸಾವಿರಕ್ಕೂ ಹೆಚ್ಚು ಜನ, ಅವರಲ್ಲಿ ಹೆಚ್ಚಿನವರು ನಿಮ್ಮ ಹಾಗೆ ಹವ್ಯಾಸಕ್ಕೆ ನೋಡುವವರೇ, ಸುಮಾರು 3 ಕೋಟಿ ದಾಖಲೆ ಸೇರಿಸಿ 942 ಜಾತಿ ಹಕ್ಕಿಗಳ ಲೆಕ್ಕ ಹಾಕಿದ್ರು. ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆ ಆಗ್ತಾ ಉಂಟು ಅಂತ ಗೊತ್ತಾದದ್ದು ಹೀಗೆ. ಅದೆಂತ ಅಪರೂಪದ ಹಕ್ಕಿಯಾ? ಬಯಲುಸೀಮೆಯಲ್ಲಿ ಕರೆಂಟ್ ತಂತಿ ಮೇಲೆ ಸುಮ್ನೆ ಕೂತಿರ್ತದೆ. ದಿನಾ ಕಾಣ್ತದೆ ಅಂತ ಎಲ್ಲರೂ ಬರೆಯದೆ ಬಿಟ್ಟಿದ್ರೆ ಇಳಿದದ್ದು ತಿಳೀತಿರ್ಲಿಲ್ಲ.

ಲೆಕ್ಕ ಹೇಗೆ ಅಂದ್ರೆ, ಜನ ಹಾಕಿದ ನೂರು ಪಟ್ಟಿಯಲ್ಲಿ ಎಷ್ಟರಲ್ಲಿ ಆ ಹಕ್ಕಿ ಉಂಟು ಅಂತ ನೋಡ್ತಾರೆ, ವರ್ಷ ವರ್ಷ ಹೋಲಿಸ್ತಾರೆ. ಅದಕ್ಕೇ ಆ್ಯಪ್ ಕೊನೆಗೆ ಒಂದು ಪ್ರಶ್ನೆ ಕೇಳ್ತದೆ, ಗುರುತು ಸಿಕ್ಕಿದ ಹಕ್ಕಿ ಎಲ್ಲ ಬರೆದಿದ್ದೀರಾ ಅಂತ. ಹೌದು ಅಂದ್ರೆ ಪಟ್ಟಿಯಲ್ಲಿ ಇಲ್ಲದ್ದು ನಿಮಗೆ ಕಾಣ್ಲಿಲ್ಲ ಅಂತ ಅರ್ಥ. ಕಾಗೆ ಬಿಟ್ಟು ಹೌದು ಒತ್ತಿದ್ರೆ ಮಣಿಪಾಲದಲ್ಲಿ ಆವತ್ತು ಕಾಗೆಯೇ ಇಲ್ಲ ಅಂತಾಯ್ತು! ಗುರುತು ಸಿಗದ್ದನ್ನ ಬಿಟ್ರೆ ತೊಂದ್ರೆ ಇಲ್ಲ, ಗೊತ್ತಿದ್ದೂ ಬಿಡೋದು ತಪ್ಪು. 15 ನಿಮಿಷ ನಿಂತು ಅಥವಾ ನಡೆದು ನೋಡಿದ್ರೂ ಸಾಕು, ಸಂಖ್ಯೆ ಅಂದಾಜಿಗಾದ್ರೂ ಹಾಕಿ.

ಮತ್ತೆ ಕಾಗೆ ಅಂದ್ರಲ್ಲ, ಯಾವ ಕಾಗೆ? ಕುತ್ತಿಗೆ ಬೂದು ಇದ್ರೆ ಊರುಕಾಗೆ, ಪೂರ್ತಿ ಕಪ್ಪು, ದಪ್ಪ ಕೊಕ್ಕು ಇದ್ರೆ ಕಾಡುಕಾಗೆ. ಹದ್ದು ಸಹ ಹಾಗೇ, ಹಾರುವಾಗ ಬಾಲದ ತುದಿ ನೋಡಿ, ಕವಲು ಇದ್ರೆ ಕರಿ ಹದ್ದು, ದುಂಡಗೆ ಇದ್ರೆ ಗರುಡ. ನೋಡಿ, ಅಲ್ಲೇ ನಿಮ್ಮ ಪಟ್ಟಿಗೆ ಎರಡು ಹೆಚ್ಚಾಯ್ತು. ಮಗಳು ಮರ್ಲಿನ್ ಆ್ಯಪ್ ಕೂಡ ಹಾಕಿ ಕೊಟ್ಟಿದ್ರೆ ಅದು ದನಿ ಕೇಳಿ ಹೇಳಿದ್ದನ್ನೆಲ್ಲ ಸೀದಾ ಬರೀಬೇಡಿ, ಭೀಮರಾಜ ಬೇರೆ ಹಕ್ಕಿಗಳ ದನಿ ಚಂದ ಅನುಕರಣೆ ಮಾಡ್ತದೆ, ಆ್ಯಪ್ ಮೋಸ ಹೋಗ್ಬಹುದು. ಕಣ್ಣಲ್ಲಿ ಕಂಡ್ರೆ ಅಥವಾ ದನಿ ನಿಮಗೇ ಗೊತ್ತಿದ್ರೆ ಹಾಕಿ.

ಪ್ರಶ್ನೆ: ಮಳೆ ಬಂದಾಗ ಮನೆ ಹತ್ರ ಸಣ್ಣ ಕಪ್ಪೆಯ ಫೋಟೋ ತೆಗೆದು, ಜೀವಿಗಳ ಗುರುತು ಕೇಳುವ ಐ-ನ್ಯಾಚುರಲಿಸ್ಟ್ ಆ್ಯಪಿಗೆ ಹಾಕಿದೆ. ವಾರ ಆಯ್ತು, 'ಕಪ್ಪೆ' ಅಂತ ಒಬ್ಬರು ಹೇಳಿದ್ದು ಬಿಟ್ರೆ ಎಂತದೂ ಇಲ್ಲ. ಬೇಜಾರಾಗಿದೆ.
— ಪಿಯುಸಿ ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಬೇಜಾರು ಬೇಡ ಮಗಾ, ಬರೀ ಮೇಲಿಂದ ತೆಗೆದ ಒಂದು ಫೋಟೋದಲ್ಲಿ ಸಣ್ಣ ಕಪ್ಪೆಯನ್ನ ಹೇಳೋದು ತಜ್ಞರಿಗೂ ಕಷ್ಟ. ಬದಿಯಿಂದ ಒಂದು, ಕಾಲಿನ ಬೆರಳು ಕಾಣುವ ಹಾಗೆ ಒಂದು ತೆಗಿ, ಮುಟ್ಲಿಕ್ಕೆ ಹೋಗ್ಬೇಡ. ಅದಕ್ಕಿಂತ ಮುಖ್ಯ, ರಾತ್ರಿ ಅದು ವಟಗುಟ್ಟುವಾಗ ಅರ್ಧ ನಿಮಿಷ ರೆಕಾರ್ಡ್ ಮಾಡು, ಅಲ್ಲಿ ಆಡಿಯೋ ಕೂಡ ಹಾಕ್ಲಿಕ್ಕಾಗ್ತದೆ, ಕಪ್ಪೆಗೆ ದನಿಯೇ ಆಧಾರ್ ಕಾರ್ಡ್. ಮಂಗಳೂರಿನ ಕಾರ್ಖಾನೆಗಳ ನಡುವಿನ ಜಾಗದಲ್ಲೇ ಸಿಕ್ಕಿದ ಒಂದು ಪುಟ್ಟ ಕಪ್ಪೆಗೆ ಕೊಡಿಯಾಲದ (ಮಂಗಳೂರಿನ ಕೊಂಕಣಿ ಹೆಸರು) ಹೆಸರಿಟ್ಟು, ಮೈಕ್ರೋಹೈಲಾ ಕೊಡಿಯಾಲ್ ಅಂತ 2018ರಲ್ಲಿ ಹೊಸ ಜಾತಿಯಾಗಿ ಪ್ರಕಟಿಸಿದ್ದಾರೆ, ಹೆಬ್ಬೆರಳ ಉಗುರಿನಷ್ಟೇ ಇರ್ತದೆ. ನಿನ್ನದು ಅದೇ ಅಂತ ನಾನು ಹೇಳ್ತಾ ಇಲ್ಲ ಆಯ್ತಾ, ಆದ್ರೆ ಹೊಸದು ಸಿಗ್ಲಿಕ್ಕೆ ಆಗುಂಬೆಗೇ ಹೋಗ್ಬೇಕು ಅಂತ ಇಲ್ಲ.

ಇನ್ನೊಂದು, ಫೋಟೋ ನಿನ್ನ ಫೋನಲ್ಲೇ ತೆಗೆದದ್ದಾ, ಯಾರಾದ್ರೂ ವಾಟ್ಸಾಪಲ್ಲಿ ಕಳಿಸಿದ್ದಾ? ವಾಟ್ಸಾಪಲ್ಲಿ ಫೋಟೋ ಆಗಿ ಬಂದ್ರೆ ಅದರೊಳಗಿನ ಲೊಕೇಶನ್ ಹೋಗಿರ್ತದೆ, ಡಾಕ್ಯುಮೆಂಟ್ ಆಗಿ ಕಳಿಸ್ಲಿಕ್ಕೆ ಹೇಳು. ತಾರೀಕು, ಜಾಗ ಇಲ್ಲದಿದ್ರೆ ಎಷ್ಟು ಜನ ಗುರುತು ಹಿಡಿದ್ರೂ ಅದು ರಿಸರ್ಚ್ ಗ್ರೇಡ್, ಅಂದ್ರೆ ಸಂಶೋಧನೆಗೆ ಬಳಸುವಂಥ ದಾಖಲೆ, ಆಗೋದಿಲ್ಲ. ಅವೆರಡೂ ಇದ್ದು, ಜಾತಿ ಯಾವುದು ಅಂತ ಹೇಳಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪಿದ್ರೆ ಆಗ್ತದೆ, ಒಬ್ಬರ ಮಾತು ಸಾಲದು.

ಪ್ರಶ್ನೆ: ನಮ್ಮ ಅಡಿಕೆ ತೋಟಕ್ಕೆ ಚಿಪ್ಪುಹಂದಿ ಬರ್ತದೆ. ಮ್ಯಾಪಿಗೆ ಹಾಕಿದ್ರೆ ಕಳ್ಳರಿಗೆ ದಾರಿ ತೋರಿಸಿದ ಹಾಗೆ ಆಗ್ಲಿಕ್ಕಿಲ್ವಾ?
— ಕೃಷಿಕರು, ಕಾರ್ಕಳ

ಉತ್ತರ: ಸರಿಯಾದ ಹೆದರಿಕೆಯೇ. ಅಳಿವಿನಂಚಿನ ಪ್ರಾಣಿಗಳ ಜಾಗವನ್ನ ಐ-ನ್ಯಾಚುರಲಿಸ್ಟ್ ತಾನಾಗಿ ಮರೆಮಾಡ್ತದೆ, ಹೊರಗಿನವರಿಗೆ ಸುಮಾರು 20 ಕಿಲೋಮೀಟರ್ ಅಗಲದ ಚೌಕದೊಳಗೆ ಎಲ್ಲೋ ಒಂದು ಚುಕ್ಕೆ ಕಾಣ್ತದೆ ಅಷ್ಟೇ. ಆದ್ರೂ ಹಾಕುವಾಗಲೇ ಲೊಕೇಶನ್ ಪ್ರೈವೇಟ್ ಅಂತ ಮಾಡಿಬಿಡಿ, ಫೋಟೋದಲ್ಲಿ ಮನೆ, ಗೇಟು ಬರದ ಹಾಗೆ ನೋಡ್ಕೊಳ್ಳಿ. ನನ್ನ ಕೇಳಿದ್ರೆ ಮ್ಯಾಪಿಗಿಂತ ಹೆದರ್ಬೇಕಾದ್ದು ಊರಿನ ಗ್ರೂಪಿಗೆ, 'ನಮ್ಮ ತೋಟಕ್ಕೆ ಬಂದ ಅತಿಥಿ' ಅಂತ ಹಾಕಿದ ವಿಡಿಯೋ ರಾತ್ರಿ ಆಗುವಷ್ಟರಲ್ಲಿ ಯಾರ್ಯಾರ ಕೈ ಸೇರ್ತದೆ ಹೇಳ್ಲಿಕ್ಕಾಗೋದಿಲ್ಲ ಮಾರಾಯ್ರೆ. ಅದೊಂದು ಮಾಡ್ಬೇಡಿ.

ಪ್ರಶ್ನೆ: ಹಳ್ಳಿ ಶಾಲೆ, ಮಕ್ಕಳ ಹತ್ರ ಫೋನಿಲ್ಲ, ಕ್ಯಾಮೆರಾ ಇಲ್ಲ. ನಾವು ಎಂತ ಮಾಡ್ಬಹುದು?
— ಶಿಕ್ಷಕಿ, ಕುಂದಾಪುರ ತಾಲೂಕು

ಉತ್ತರ: ಟೀಚರ್, ನೀವು ಮರ ಹಿಡೀರಿ. ಸೀಸನ್‌ವಾಚ್ ಅಂತ ಉಂಟು, ಕೇರಳದ ಶಾಲೆಗಳಲ್ಲಿ ತುಂಬಾ ನಡೀತಾ ಉಂಟು. ಒಂದು ಮರ ಆರಿಸಿ ಅದೇ ಮರವನ್ನ ವಾರಕ್ಕೊಮ್ಮೆ ನೋಡೋದು, ಚಿಗುರು, ಹೂ, ಕಾಯಿ ಇಲ್ಲವಾ, ಸ್ವಲ್ಪ ಉಂಟಾ, ತುಂಬಾ ಉಂಟಾ ಅಂತ ಬರೆಯೋದು. ಮಕ್ಕಳು ನೋಟ್‌ಬುಕ್ಕಲ್ಲಿ ಬರೀಲಿ, ನೀವು ನಿಮ್ಮ ಫೋನಲ್ಲಿ ಹಾಕಿದ್ರಾಯ್ತು. ಹಲಸು, ಮಾವು, ಕಕ್ಕೆ ಯಾವುದಾದ್ರೂ ಆಗ್ತದೆ. ಬೇಸಿಗೆ ರಜೆಯಲ್ಲಿ ನೋಡುವವರು ಯಾರು ಅಂತ ಮಾತ್ರ ಈಗಲೇ ಗೊತ್ತು ಮಾಡಿಡಿ, ಮರದ ಹತ್ತಿರವೇ ಮನೆ ಇರುವ ಮಕ್ಕಳಿಗೆ ಕೊಟ್ರೆ ಒಳ್ಳೆಯದು, ಕಕ್ಕೆ ಹೂ ಬಿಡೋದು ಆವಾಗಲೇ ಅಲ್ವಾ.